ತರಗೆಲೆ ಗುಡಿಸದ ಹಿತ್ತಿಲು

ಮಲೆನಾಡಿನ ಹಿತ್ತಿಲಿಗೆ ಚಳಿಗಾಲದಲ್ಲಿ ಬರುವ ನೆಂಟರಲ್ಲಿ ನವರಂಗಕ್ಕೆ ಸಾಟಿಯಿಲ್ಲ. ಉತ್ತರದ ಕಾಡುಗಳಲ್ಲಿ, ಹಿಮಾಲಯದ ತಪ್ಪಲಲ್ಲಿ ಮರಿ ಮಾಡಿಕೊಂಡು ಇಷ್ಟು ದೂರ ಹಾರಿಬರುವ ಗೇಣುದ್ದದ ಹಕ್ಕಿ ಅದು. ಬೆನ್ನು ಹಸಿರು, ಎದೆ ಕಂದುಹಳದಿ, ಕಣ್ಣಿಗೆ ದಪ್ಪ ಕಪ್ಪು ಪಟ್ಟಿ, ಮೋಟು ಬಾಲದ ಕೆಳಗೆ ಕಡುಗೆಂಪು. ಇಷ್ಟು ಬಣ್ಣವಿದ್ದೂ ಅದರ ಓಡಾಟವೆಲ್ಲ ನೆಲದ ಮೇಲೆಯೇ. ನಾಲ್ಕು ಹೆಜ್ಜೆ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ಕೊಕ್ಕಿನಿಂದ ತರಗೆಲೆ ಮಗುಚಿ ಹುಳ ಹೆಕ್ಕುತ್ತದೆ. ಬೆಳಗ್ಗೆ, ಸಂಜೆ ಆರರ ಸುಮಾರಿಗೆ ಎರಡು ಸ್ವರದ ಸಿಳ್ಳೆ ಕೇಳಿದರೆ ಬಂದಿದೆಯೆಂದೇ ಲೆಕ್ಕ.

ಕುಟುರ, ಪಿಕಳಾರಗಳ ಉಪಚಾರ ಸುಲಭ. ಮರದಲ್ಲೊಂದು ಪಪ್ಪಾಯಿ ಕೊಯ್ಯದೆ ಬಿಟ್ಟರೆ ಸಾಕು. ಅಕ್ಕಿ ಎರಚಿದರೆ ಪಾರಿವಾಳ, ಕಾಗೆ ಬಂದಾವು. ನವರಂಗ ತಿರುಗಿಯೂ ನೋಡದು. ಹಿಮ ಬೀಳುವ ದೇಶಗಳಲ್ಲಿ ಕಾಳು, ಕೊಬ್ಬಿನುಂಡೆ ತೂಗುಹಾಕುವುದು ಜೀವ ಉಳಿಸುವ ಕೆಲಸ. ನಮ್ಮಲ್ಲಿ ಆ ಅಗತ್ಯ ಕಡಿಮೆ. ಇಲ್ಲಿ ಬೇಕಾದದ್ದು ಗುಡಿಸದ ಒಂದು ಮೂಲೆ, ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರು, ಮತ್ತೆ ಮನೆಯೊಳಗೇ ಇರುವ ಬೆಕ್ಕು (ಕಷ್ಟದ ಮಾತು ಇದೇ).

ಹಲಸಿನ ಮರದಡಿಯ ತರಗೆಲೆಗೆ ಈ ಸಲ ಬೆಂಕಿ ಹಚ್ಚಬೇಡಿ. ಬೇಸಿಗೆ ಬಲಿಯುವ ಹೊತ್ತಿಗೆ ನವರಂಗ ಉತ್ತರಕ್ಕೆ ಹೊರಟಿರುತ್ತದೆ, ಆಮೇಲೆ ಗುಡಿಸಿದರಾಯಿತು.