ಹಾಸ್ಟೆಲ್ಲಿನ ಮೌನ ಮತ್ತು ನಮ್ಮ ವಿಮರ್ಶೆ

ದಲಿತ ಆತ್ಮಕಥನಗಳನ್ನು ಕುರಿತ ನಮ್ಮ ವಿಮರ್ಶೆಗೆ ಎರಡು ಮಾತು ಬಾಯಿಪಾಠವಾಗಿಬಿಟ್ಟಿವೆ: ಹಸಿವು, ಅವಮಾನ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ (1994), ಸಿದ್ಧಲಿಂಗಯ್ಯನವರ ‘ಊರುಕೇರಿ’ (1996) ಬಂದಾಗಿನಿಂದ ಈ ಎರಡು ಮಾತಿನ ಮೇಲೆಯೇ ಪ್ರಬಂಧಗಳು ಬೆಳೆದಿವೆ. ತಪ್ಪೇನಲ್ಲ. ಆದರೆ ಯಾರೂ ಬೈಯದೆ, ಯಾರೂ ಮುಟ್ಟಬೇಡ ಅನ್ನದೆ, ಸುಮ್ಮನೆ ಕರೆಯದೆ ಬಿಟ್ಟಾಗ ಆಗುವುದಕ್ಕೆ ನಮ್ಮ ವಿಮರ್ಶೆಯಲ್ಲಿ ಏನು ಹೆಸರಿದೆ?

ಈ ಪ್ರಶ್ನೆ ಪುಸ್ತಕದಿಂದ ಹುಟ್ಟಿದ್ದಲ್ಲ. ನಾನು ಮಲೆಬೆನ್ನೂರಿನವನು. ಭದ್ರಾ ನಾಲೆಯ ನೀರುಣ್ಣುವ ಗದ್ದೆಗಳಲ್ಲಿ ಅವ್ವ ಕಂಡವರ ಭತ್ತ ನಾಟಿ ಮಾಡಿದವಳು. 2015ರಲ್ಲಿ ಪ್ರವೇಶ ಪರೀಕ್ಷೆ ಬರೆದು ದೂರದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಸೇರಿದೆ. ಮೊದಲ ವಾರ ಎಲ್ಲರೂ ಕೇಳಿದ್ದು ಒಂದೇ: ‘ಎಷ್ಟನೇ ರ‍್ಯಾಂಕು?’ ನಮ್ಮೂರಲ್ಲಾದರೆ ‘ಯಾರ ಪೈಕಿ ತಮ್ಮಾ?’ ಅಂತ ನೇರ ಕೇಳ್ತಾರೆ. ಅಲ್ಲಿ ಅಂಕಿ ಹೇಳಿದರೆ ಸಾಕು, ಉಳಿದದ್ದು ತಾನೇ ಗೊತ್ತಾಗುತ್ತಿತ್ತು. ಆಮೇಲೂ ನಗುನಗುತ್ತಲೇ ಮಾತಾಡಿಸುತ್ತಿದ್ದರು. ಸಿನಿಮಾಕ್ಕೆ ಹೊರಟಾಗ ಮಾತ್ರ ನನ್ನ ಬಾಗಿಲು ಬಡಿಯುತ್ತಿರಲಿಲ್ಲ. ದಸರೆಗೆ ಊರಿಗೆ ಬಂದವನು ಮಂಡಕ್ಕಿ, ಖಾರ ಕಟ್ಟಿಸಿಕೊಂಡು ಹೋದೆ. ನಮ್ಮ ಕಡೆ ಮಂಡಕ್ಕಿ ಹಚ್ಚಿ ಪೇಪರಿನ ಮೇಲೆ ಸುರಿದರೆ ಕರೆಯದವರೂ ಬಂದು ಕೈ ಹಾಕುತ್ತಾರೆ. ಅವತ್ತು ಬಂದವರು ಮೂರೇ ಜನ. ಮೂವರೂ ನನ್ನಂತೆ ಮೀಸಲು ಪಟ್ಟಿಯಲ್ಲಿ ಬಂದವರು. ಫೋನಿನಲ್ಲಿ ಅವ್ವ ‘ಜೊತೀಗೆ ಹುಡುಗ್ರು ಅದಾರೇನಪ್ಪಾ?’ ಅಂದಳು. ‘ಬಾಳ ಮಂದಿ ಅದಾರವ್ವ’ ಅಂದೆ. (ಒಬ್ಬ ಹುಡುಗ ಎರಡು ಸಲ ಚಹಾಕ್ಕೆ ಕರೆದಿದ್ದ, ಕನಿಕರ ಇರಬೇಕೆಂದು ನಾನೇ ಹೋಗಲಿಲ್ಲ. ಇದನ್ನೂ ಬರೆಯಬೇಕು.)

ನನ್ನ ಮೊದಲ ವರ್ಷ ಮುಗಿಯುವ ಮುನ್ನವೇ, 2016ರ ಜನವರಿಯಲ್ಲಿ, ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲ್ಲಿನಿಂದ ಹೊರಬಿದ್ದ ರೋಹಿತ್ ವೇಮುಲ ಮತ್ತು ನಾಲ್ವರು ಗೆಳೆಯರು ಕ್ಯಾಂಪಸ್ಸಿನ ಬಯಲಲ್ಲಿ ಮಲಗಿ, ಆ ಜಾಗಕ್ಕೆ ‘ವೆಲಿವಾಡ’ ಎಂದು ಹೆಸರಿಟ್ಟರು. ತೆಲುಗಿನಲ್ಲಿ ಅದು ಊರಾಚೆಯ ಕೇರಿ. 17ರಂದು ರೋಹಿತ್ ಪ್ರಾಣ ಬಿಟ್ಟರು. ಆ ಒಂದು ಪದ ನಾವು ಬರೆದ ಎಷ್ಟೋ ವಿಮರ್ಶೆಗಿಂತ ದೊಡ್ಡದು. ಆದರೆ ಅಲ್ಲಿ ಹೊರಹಾಕಿದ್ದು ಕಣ್ಣಿಗೆ ಕಾಣುತ್ತಿತ್ತು. 2023ರ ಫೆಬ್ರವರಿಯಲ್ಲಿ ಮುಂಬಯಿ ಐಐಟಿಯ ಮೊದಲ ವರ್ಷದ ದಲಿತ ವಿದ್ಯಾರ್ಥಿಯೊಬ್ಬ ಸತ್ತಾಗ, ನೇರ ಜಾತಿ ತಾರತಮ್ಯಕ್ಕೆ ನಿರ್ದಿಷ್ಟ ಸಾಕ್ಷಿಯಿಲ್ಲ ಎಂದು ಸಂಸ್ಥೆಯ ಸಮಿತಿ ಹೇಳಿತು. ಓದಿನಲ್ಲಿ ಹಿಂದೆ ಬಿದ್ದದ್ದರ ಕಡೆ ಬೆರಳು ತೋರಿತು. ಮನೆಯವರು ಒಪ್ಪಲಿಲ್ಲ. ಅದೇ ವರ್ಷ ಜುಲೈನಲ್ಲಿ ಅದೇ ಸಂಸ್ಥೆ, ಒಬ್ಬರನ್ನೊಬ್ಬರು ರ‍್ಯಾಂಕು ಕೇಳಬೇಡಿ, ಅದು ಜಾತಿ ತಿಳಿಯುವ ಯತ್ನವಾಗಿ ಕಾಣಬಹುದು ಎಂದು ಸೂಚನೆ ಹೊರಡಿಸಿತು. ಸಾಕ್ಷಿ ಸಿಗದವರಿಗೆ ಪ್ರಶ್ನೆ ಮಾತ್ರ ಚೆನ್ನಾಗಿ ಗೊತ್ತಿತ್ತು!

ಇದನ್ನೆಲ್ಲ ಇಟ್ಟುಕೊಂಡು ‘ಊರುಕೇರಿ’ಗೆ ಮರಳಿದರೆ ಪುಸ್ತಕ ಬೇರೆಯಾಗಿ ಕಾಣುತ್ತದೆ. ಅದರ ನಗುವಿಗೆ ಡಿ.ಆರ್. ನಾಗರಾಜ್ ಬೆಲೆ ಕಟ್ಟಿದರು, ಸರಿಯಾಗಿಯೇ ಕಟ್ಟಿದರು. ನಾವು ಹಿಂದೆ ಬಂದವರು ಅದನ್ನು ಲೇಖಕರ ಸ್ವಭಾವವೆಂದು ಓದಿ ಮುಗಿಸಿದೆವು. ಆ ನಗುವಿನ ಸುತ್ತ ಎಷ್ಟು ಜನ ಇದ್ದಾರೆ ನೋಡಿ: ಶ್ರೀರಾಂಪುರದ ಗೆಳೆಯರು, ಹಾಸ್ಟೆಲ್ಲು, ಭಾಷಣ, ಮೆರವಣಿಗೆ. 1973ರ ಬೂಸಾ ಗಲಾಟೆಯಲ್ಲಿ ಏಟು ಬಿದ್ದದ್ದೂ ಗುಂಪಿಗೆ, ಎದ್ದು ನಿಂತದ್ದೂ ಗುಂಪು. ನಮ್ಮ ಹರಿಹರದ ಬಿ. ಕೃಷ್ಣಪ್ಪನವರು ಭದ್ರಾವತಿಯಲ್ಲಿ ಮೇಷ್ಟರಾಗಿದ್ದುಕೊಂಡೇ ದಲಿತ ಸಂಘರ್ಷ ಸಮಿತಿ ಕಟ್ಟಿದವರು. ಹಾಸ್ಟೆಲ್ಲಿನ ಹುಡುಗರಿಗೆ ಹೋಗಿ ಕೂರಲು ಒಂದು ಜಾಗ ಇತ್ತು. ಸಂಘಟನೆ ಆ ನಗುವಿನ ಹಿನ್ನೆಲೆಯಲ್ಲ, ಕಾರಣ. ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲೂ ಹಾಗೆ. ಮೀಸಲಾತಿ ಪಡೆದವರನ್ನು ಅಣಕಿಸುವ ಹೆಸರನ್ನೇ ಹಿಡಿದು ಮಾಲಗತ್ತಿಯವರು ಅಣಕಿಸಿದವರ ಕಡೆಗೆ ತಿರುಗಿಸಿದರು. ಅಣಕವೂ ಇಲ್ಲದ, ಸಭ್ಯತೆಯೇ ತುಂಬಿದ ಕಾರಿಡಾರಿನಲ್ಲಿ ಏನನ್ನು ಹಿಡಿಯುವುದು, ಯಾರ ಕಡೆ ತಿರುಗಿಸುವುದು? ಒಂಟಿ ಹುಡುಗನ ಆತ್ಮಕಥನ ಇನ್ನೂ ಬರಬೇಕಾಗಿದೆ. ಬಂದಾಗ ‘ಇದರಲ್ಲಿ ಹೋರಾಟ ಇಲ್ಲ’ ಎಂದು ಬದಿಗೆ ಸರಿಸುವ ಮೊದಲಿಗರು ನಾವೇ ಆದೇವು ಎಂಬ ಭಯ ನನಗಿದೆ.

ಮೊನ್ನೆ ತರಗತಿಯಲ್ಲಿ ‘ಊರುಕೇರಿ’ಯ ಒಂದು ಭಾಗ ಓದಿದೆ. ಕೊನೆ ಬೆಂಚಿನ ಹುಡುಗಿಯೊಬ್ಬಳು ಗಟ್ಟಿಯಾಗಿ ನಕ್ಕಳು. ಬೇರಾರೂ ನಗಲಿಲ್ಲ. ಆಚೀಚೆ ನೋಡಿ ವೇಲು ಬಾಯಿಗೊತ್ತಿಕೊಂಡಳು. ಆಗ ನಾನಾದರೂ ನಗಬೇಕಿತ್ತು. ಪಾಠ ಮುಂದುವರಿಸಿಬಿಟ್ಟೆ.