ಪಟ್ಟಿಯೇ ಪುರಾಣ: ‘ಈವ್ ಆನ್‌ಲೈನ್’ ಪರದೆಯನ್ನು ಓದುವ ಬಗೆ

ಐಸ್‌ಲ್ಯಾಂಡಿನ ಸಿಸಿಪಿ ಕಂಪನಿ 2003ರ ಮೇ ತಿಂಗಳಲ್ಲಿ ಹೊರತಂದ ‘ಈವ್ ಆನ್‌ಲೈನ್’ ಆಟವನ್ನು ಗೇಮಿಂಗ್ ಜಗತ್ತು ‘ಬಾಹ್ಯಾಕಾಶದ ಸ್ಪ್ರೆಡ್‌ಶೀಟ್’ ಎಂದು ಗೇಲಿ ಮಾಡುತ್ತ ಬಂದಿದೆ. ಗೇಲಿಗೆ ಕಾರಣವೂ ಇದೆ. ಹಿನ್ನೆಲೆಯ ನೀಹಾರಿಕೆಗಳು ಎಷ್ಟೇ ಸೊಗಸಾಗಿದ್ದರೂ ಆಡುವವರ ಕಣ್ಣು ನೆಟ್ಟಿರುವುದು ಪರದೆಯ ಬಲಬದಿಯ ಪಟ್ಟಿಯೊಂದರ ಮೇಲೆ. ‘ಓವರ್‌ವ್ಯೂ’ ಎಂಬ ಆ ಪಟ್ಟಿಯಲ್ಲಿ ನೌಕೆ, ಗ್ರಹ, ನಿಲ್ದಾಣಗಳೆಲ್ಲ ಹೆಸರು, ಬಗೆ, ದೂರ, ವೇಗಗಳ ಸಾಲುಗಳಾಗಿ ಇಳಿಯುತ್ತವೆ. ದೊಡ್ಡ ಕಾಳಗಗಳಲ್ಲಂತೂ ಕ್ಯಾಮೆರಾ ದೂರಕ್ಕೆ ಸರಿದು, ಸಾವಿರಾರು ನೌಕೆಗಳು ಚಿಕ್ಕ ಚಿಹ್ನೆಗಳ ಗುಂಪಾಗಿಬಿಡುತ್ತವೆ. 2022ರಲ್ಲಿ ಕಂಪನಿಯೇ ಮೈಕ್ರೋಸಾಫ್ಟ್ ಜತೆ ಸೇರಿ ಆಟದ ಮಾಹಿತಿಯನ್ನು ಎಕ್ಸೆಲ್‌ಗೆ ಜೋಡಿಸುವ ಯೋಜನೆ ಘೋಷಿಸಿ, ಗೇಲಿಯನ್ನು ಬಿರುದಿನಂತೆ ಧರಿಸಿತು. ಅಭಿಮಾನಿಗಳೂ ಟೀಕಾಕಾರರೂ ಸಾಮಾನ್ಯವಾಗಿ ಒಪ್ಪುವ ತೀರ್ಪು ಇಷ್ಟು: ಪರದೆ ಒಣಕಲು, ಅದರ ಹಿಂದಿನ ಕಥಾಲೋಕ ಶ್ರೀಮಂತ. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ವಾದ. ಈವ್‌ನ ಕಥೆಯನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಆ ಒಣಕಲು ಪರದೆಯೇ. ಕಥೆಯ ತರ್ಕವನ್ನು ಪರದೆ ಕೈಬಿಟ್ಟಾಗ, ಇಲ್ಲವೇ ಪರದೆಯ ಕೊರತೆಗೆ ಕಥೆ ನೆಪವಾದಾಗ ಆಟ ಎಡವಿದೆ.

ಕಥೆಯ ಚೌಕಟ್ಟು ಹೀಗಿದೆ. ಮನುಕುಲ ಒಂದು ವರ್ಮ್‌ಹೋಲ್ ದಾಟಿ ‘ನ್ಯೂ ಈಡನ್’ ಎಂಬ ನಕ್ಷತ್ರಲೋಕಕ್ಕೆ ವಲಸೆ ಹೋಗುತ್ತದೆ. ಬಂದ ದಾರಿ ಕುಸಿದು ಮುಚ್ಚಿಹೋಗುತ್ತದೆ. ತವರಿನ ನಂಟು ಕಡಿದ ವಸಾಹತುಗಳಲ್ಲಿ ಹೆಚ್ಚಿನವು ನಶಿಸಿ, ಉಳಿದವು ಸಾವಿರಾರು ವರ್ಷಗಳಲ್ಲಿ ಮತ್ತೆ ತಲೆಯೆತ್ತುತ್ತವೆ. ಅಮಾರ್, ಕಾಲ್ಡಾರಿ, ಗ್ಯಾಲೆಂಟೆ, ಮಿನ್ಮಟಾರ್ ಎಂಬ ನಾಲ್ಕು ದೊಡ್ಡ ರಾಜ್ಯಗಳು ಹುಟ್ಟಿದ್ದು ಹಾಗೆ. ಆಟಗಾರ ಇಲ್ಲಿ ‘ಕ್ಯಾಪ್ಸೂಲಿಯರ್’. ‘ಕ್ಯಾಪ್ಸೂಲ್’ ಎಂಬ ದ್ರವ ತುಂಬಿದ ಕೋಶದಲ್ಲಿ ತೇಲುತ್ತ, ತನ್ನ ನರಮಂಡಲವನ್ನು ನೌಕೆಗೆ ಬೆಸೆದುಕೊಂಡ ಪೈಲಟ್. ಕೋಶ ಒಡೆದರೆ ಆತನ ಮಿದುಳಿನ ಪಡಿಯಚ್ಚು ಆ ಕ್ಷಣವೇ ದೂರದ ನಿಲ್ದಾಣಕ್ಕೆ ರವಾನೆಯಾಗಿ, ಸಿದ್ಧವಾಗಿಟ್ಟ ತದ್ರೂಪಿ ದೇಹದಲ್ಲಿ ಎಚ್ಚರಗೊಳ್ಳುತ್ತಾನೆ. ಮರುಹುಟ್ಟು ಎಂಬ ಗೇಮ್‌ಗಳ ಹಳೆಯ ಅನುಕೂಲಕ್ಕೆ ಇದು ಕಾರಣ ಒದಗಿಸುತ್ತದೆ. ನೌಕೆಯನ್ನು ಹೊರಗಿನಿಂದ ನೋಡುವುದು ಹೇಗೆ? ಸುತ್ತ ಹಾರುವ ಕ್ಯಾಮೆರಾ ಡ್ರೋನ್‌ಗಳ ಮೂಲಕ. ನಿರ್ವಾತದಲ್ಲಿ ಸ್ಫೋಟದ ಸದ್ದೆಲ್ಲಿಂದ? ನೌಕೆಯ ಕಂಪ್ಯೂಟರ್ ಪೈಲಟ್‌ಗಾಗಿ ಸೃಷ್ಟಿಸುವುದು. ಹೀಗೆ ಪೈಲಟ್ ಗ್ರಹಿಸುವುದಕ್ಕೂ ಕುರ್ಚಿಯಲ್ಲಿ ಕುಳಿತ ಆಟಗಾರ ಗ್ರಹಿಸುವುದಕ್ಕೂ ನಡುವಿನ ಅಂತರ ಅಳಿಯುತ್ತದೆ. ಬೇರೆ ಆಟಗಳಲ್ಲಿ ಅಂಕಿಗಳು ಲೋಕದ ಮೇಲೆ ಅಂಟಿಸಿದ ಚೀಟಿಗಳು. ಇಲ್ಲಿ ಅವು ಕಣ್ಣು ಕಿವಿಗಳ ಸ್ಥಾನದಲ್ಲಿವೆ.

ಇದರ ನಿಜವಾದ ಫಲ ನೈತಿಕವಾದದ್ದು. ಕ್ಯಾಪ್ಸೂಲ್ ಬಂದಮೇಲೆ ನೌಕೆಗೆ ಬೇಕಾದ ಸಿಬ್ಬಂದಿ ಕಡಿಮೆಯಾದರೂ ಇಲ್ಲವಾಗಿಲ್ಲ. ದೊಡ್ಡ ನೌಕೆಗಳಲ್ಲಿ ಸಾವಿರಾರು ಜನ ದುಡಿಯುತ್ತಾರೆ, ನೌಕೆ ಸಿಡಿದಾಗ ಸಾಯುತ್ತಾರೆ ಎನ್ನುತ್ತದೆ ಕಥೆ. ಅವರಿಗೆ ತದ್ರೂಪಿಯ ಭಾಗ್ಯವಿಲ್ಲ. ಈಗ ಪರದೆಯನ್ನು ನೋಡಿ. ನೌಕೆ ನಾಶವಾದಾಗ ಬರುವ ವರದಿಯಲ್ಲಿ ಕೊಂದವರ ಹೆಸರು, ಕಳೆದುಹೋದ ಒಂದೊಂದು ಬಿಡಿಭಾಗ, ಉಳಿದ ಮದ್ದುಗುಂಡು, ಒಟ್ಟು ನಷ್ಟದ ಮೊತ್ತ ಎಲ್ಲವೂ ಇರುತ್ತವೆ. ಸತ್ತ ಸಿಬ್ಬಂದಿಗೆ ಒಂದು ಸಾಲೂ ಇಲ್ಲ. 2014ರ ಜನವರಿ 27ರಂದು ‘ಬಿ-ಆರ್5ಆರ್‌ಬಿ’ ಎಂಬ ನಕ್ಷತ್ರವ್ಯವಸ್ಥೆಯಲ್ಲಿ, ಅದರ ಒಡೆತನ ಉಳಿಸಿಕೊಳ್ಳುವ ಬಿಲ್ ಪಾವತಿಯಾಗದ ಕಾರಣಕ್ಕೆ ಯುದ್ಧ ಭುಗಿಲೆದ್ದಿತು. ಸುಮಾರು 21 ಗಂಟೆ ನಡೆದ ಆ ಕಾಳಗದಲ್ಲಿ ಆಟದ ಅತಿದೊಡ್ಡ ನೌಕೆಗಳಾದ ಟೈಟನ್‌ಗಳು 75 ಉರುಳಿದವು. ಕಥೆಯ ಲೆಕ್ಕದಲ್ಲಿ ಅದೊಂದು ಮಹಾ ನರಮೇಧ. ಜಗತ್ತಿನ ಪತ್ರಿಕೆಗಳು ಬರೆದದ್ದು ಮಾತ್ರ ನಷ್ಟ ಸುಮಾರು 3 ಲಕ್ಷ ಡಾಲರ್ ಎಂದು; ಆಟಗಾರರು ಎಣಿಸಿದ್ದೂ ಹಣವನ್ನೇ. ಅಮರರಾದವರಿಗೆ ಸಾಮಾನ್ಯರ ಸಾವು ಕಾಣಿಸುವುದೇ ಇಲ್ಲ ಎಂಬುದು ಈ ಕಥಾಲೋಕದ ಮುಖ್ಯ ಹೊಳಹು. ಅದನ್ನು ಯಾವ ಪಾತ್ರವೂ ಉಪದೇಶಿಸಬೇಕಾಗಿಲ್ಲ. ವರದಿಯಲ್ಲಿ ಇಲ್ಲದ ಆ ಸಾಲು ಆಟಗಾರನನ್ನೇ ಅಂಥ ಅಮರನನ್ನಾಗಿ ಮಾಡಿರುತ್ತದೆ.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ: ತಾಂತ್ರಿಕ ಮಿತಿಗಳಿಗೆ ಆಮೇಲೆ ತೊಡಿಸಿದ ಬಟ್ಟೆಯಲ್ಲವೇ ಈ ಕಥೆ? ಸಣ್ಣ ತಂಡವೊಂದು 2003ರ ಕಂಪ್ಯೂಟರ್‌ಗಳಿಗೆ ಕಟ್ಟಿದ ಆಟದಲ್ಲಿ ಪಟ್ಟಿಗಳು ಅನಿವಾರ್ಯವಾಗಿದ್ದವು, ಕಥೆ ಆ ಅನಿವಾರ್ಯವನ್ನು ಸಿಂಗರಿಸಿತು ಎನ್ನಬಹುದು. ಇರಲಿ. ಯಾವುದು ಮೊದಲು ಹುಟ್ಟಿತು ಎಂಬುದಕ್ಕಿಂತ, ಹುಟ್ಟಿದ ಮೇಲೆ ಕಥೆ ವಿನ್ಯಾಸವನ್ನು ಕಟ್ಟಿಹಾಕಿತೇ ಎಂಬುದು ಸರಿಯಾದ ಪರೀಕ್ಷೆ. ‘ಲೋಕಲ್’ ಎಂಬ ಹರಟೆಕಿಂಡಿಯನ್ನೇ ತೆಗೆದುಕೊಳ್ಳಿ. ಒಂದು ನಕ್ಷತ್ರವ್ಯವಸ್ಥೆಯೊಳಗೆ ಯಾರು ಬಂದರೂ ಅವರ ಹೆಸರು ಅಲ್ಲಿ ಮೂಡುವುದರಿಂದ ಅದು ಪುಕ್ಕಟೆ ಗೂಢಚಾರನ ಕೆಲಸ ಮಾಡುತ್ತದೆ. 2009ರಲ್ಲಿ ಸುಮಾರು 2,500 ವರ್ಮ್‌ಹೋಲ್ ವ್ಯವಸ್ಥೆಗಳು ಸೇರಿದಾಗ, ಸಂಪರ್ಕಜಾಲ ತಲುಪದ ಆ ಪ್ರದೇಶದಲ್ಲಿ ಮಾತಾಡದವರ ಹೆಸರು ಕಾಣಿಸದಂತೆ ಮಾಡಲಾಯಿತು. ಅಲ್ಲಿನವರಿಗೆ ಉಳಿದದ್ದು ದಿಕ್ಕಿನ ಸ್ಕ್ಯಾನರ್. 14.3 ಖಗೋಳಮಾನದಷ್ಟು ದೂರವನ್ನು, 360ರಿಂದ 5 ಡಿಗ್ರಿಯವರೆಗೆ ಕೋನ ಕಿರಿದಾಗಿಸುತ್ತ ಮತ್ತೆಮತ್ತೆ ಒತ್ತಿ ಹುಡುಕುವುದು. ಕಥೆಯ ಒಂದು ಸಂಗತಿ ಪರದೆಯ ಒಂದು ಕಿಂಡಿಯನ್ನು ಖಾಲಿ ಮಾಡಿತು. ಆ ಖಾಲಿತನ ಬೇರೆಯದೇ ಭಯವನ್ನು, ಬೇರೆಯದೇ ಬದುಕುವ ಕ್ರಮವನ್ನು ಹುಟ್ಟಿಸಿತು. ಬರೀ ಅಲಂಕಾರಕ್ಕೆ ಇಷ್ಟು ಬಲವಿರದು. ಇದಕ್ಕೆ ಪ್ರತಿಯಾಗಿ, 2019ರ ಜುಲೈಯಲ್ಲಿ ಕಾನೂನಿಲ್ಲದ ಹೊರವಲಯಗಳಲ್ಲೂ ಲೋಕಲ್‌ನ ಹೆಸರುಗಳನ್ನು ದಿಢೀರನೆ ಮರೆಮಾಡಿದ ಕಂಪನಿ ಸೆಪ್ಟೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ವರ್ಮ್‌ಹೋಲ್‌ಗಳಲ್ಲಿ ಕತ್ತಲೆ ಆ ಜಾಗದ ಗುಣವಾಗಿತ್ತು, ಹೋಗುವವರು ಅರಿತೇ ಹೋಗುತ್ತಿದ್ದರು. ಇಲ್ಲಿ ಅದು ನೆಲೆಯೂರಿದವರ ಮನೆಯ ಮೇಲೆ ಹೇರಿದ ಪ್ರಯೋಗವಾಯಿತು.

ಕಥೆಯ ತರ್ಕವನ್ನು ಆಟವೇ ಮರೆತ ದೊಡ್ಡ ಉದಾಹರಣೆ 2011ರ ಜೂನ್‌ನ ‘ಇನ್‌ಕಾರ್ನಾ’ ಎಂಬ ವಿಸ್ತರಣೆ. ನೌಕೆಯಿಂದ ಇಳಿದ ಪೈಲಟ್‌ಗೆ ನಡೆದಾಡುವ ದೇಹ, ಸೋಫಾ ಹಾಕಿದ ಒಂದು ಕೋಣೆ, ತೊಡಲು ದುಬಾರಿ ಉಡುಪು ಬಂದವು. ಆಟಗಾರರು ಜೀಟಾ ಎಂಬ ವ್ಯಾಪಾರಕೇಂದ್ರದಲ್ಲಿ ನೆರೆದು ಸ್ಮಾರಕಕ್ಕೆ ಗುಂಡು ಹಾರಿಸಿ ಪ್ರತಿಭಟಿಸಿದರು. ಸಿಟ್ಟು ಮುಖ್ಯವಾಗಿ 60 ಡಾಲರ್ ಮೀರಿದ ಒಂಟಿಗಣ್ಣಿನ ಕನ್ನಡಕದಂಥ ಮಾರಾಟದ ಮೇಲಿತ್ತು, ವಿನ್ಯಾಸದ ಮೇಲಲ್ಲ ಎನ್ನುವವರಿದ್ದಾರೆ. ಹಣದ ಸಿಟ್ಟು ನಿಜ. ಆದರೆ ಅದೇ ಬದಲಾವಣೆಯಲ್ಲಿ ನಿಲ್ದಾಣದೊಳಗೆ ತನ್ನ ನೌಕೆಯನ್ನು ಸುಮ್ಮನೆ ತಿರುಗಿಸಿ ನೋಡುವ ಹಳೆಯ ನೋಟವೂ ಮಾಯವಾಗಿತ್ತು. ಆಟಗಾರರು ಅದನ್ನೂ ಪಟ್ಟುಹಿಡಿದು ಕೇಳಿದರು, ವರ್ಷಾಂತ್ಯದೊಳಗೆ ಪಡೆದರು. ಕೋಣೆಯಾದರೋ 2017ರಲ್ಲಿ ಆಟದಿಂದಲೇ ಹೊರಬಿತ್ತು. ವರ್ಷಗಟ್ಟಲೆ ‘ನೌಕೆಯೇ ನಿನ್ನ ಮೈ’ ಎಂದು ಕಲಿಸಿದ ಪರದೆ, ಒಂದು ದಿನ ಆ ಮೈಯನ್ನು ಕಸಿದು ಗೊಂಬೆಯೊಂದನ್ನು ಕೊಟ್ಟಿತ್ತು.

ಹಾಗೆಂದು ಪರದೆಯ ಎಲ್ಲ ಕಷ್ಟವನ್ನೂ ಕಲೆ ಎಂದು ಕರೆಯಲಾಗದು. ಓವರ್‌ವ್ಯೂ ಕೆಲಸಕ್ಕೆ ಬರಬೇಕಾದರೆ ಏನು ಕಾಣಬೇಕು, ಏನು ಕಾಣಬಾರದು, ಯಾರಿಗೆ ಯಾವ ಬಣ್ಣ ಎಂಬುದನ್ನೆಲ್ಲ ಆಟಗಾರನೇ ಹೊಂದಿಸಿಕೊಳ್ಳಬೇಕು. ಅನುಭವಿಗಳು ಸಿದ್ಧಪಡಿಸಿದ ಹೊಂದಿಕೆಗಳನ್ನು ಹೊಸಬರು ಎರವಲು ತರುವುದು ವಾಡಿಕೆಯಾಗಿಬಿಟ್ಟಿದೆ. ನರಕ್ಕೆ ನೇರ ಜೋಡಿಸಿದ ಇಂದ್ರಿಯ ಎಂದು ಕಥೆ ಹೇಳುವುದನ್ನು ಮೆನುವಿನೊಳಗಿನ ಮೆನುವಿನಲ್ಲಿ ಹುಡುಕಿ ಸರಿಪಡಿಸಬೇಕಾದರೆ, ಅಲ್ಲಿ ಕಥೆಯೇ ಸುಳ್ಳಾಗುತ್ತದೆ. ಸಣ್ಣ ಅಕ್ಷರ, ಒಂದರ ಮೇಲೊಂದು ಬೀಳುವ ಕಿಟಕಿಗಳೂ ಅಷ್ಟೇ: ಕಣ್ಣು ಮಂದವಾದವರಿಗೆ ಅವು ಬರಿಯ ಅಡ್ಡಗೋಡೆ. ‘ಫೋಟಾನ್’ ಎಂಬ ಹೊಸ ಇಂಟರ್‌ಫೇಸ್ ಇತ್ತೀಚೆಗೆ ಈ ಕಿಟಕಿಗಳಿಗೆ ಏಕರೂಪ ತಂದದ್ದು ಸರಿಯಾದ ಹೆಜ್ಜೆ. ಕಠಿಣತೆಯೇ ಈವ್‌ನ ಆತ್ಮ, ಸುಲಭವಾದರೆ ಸತ್ತಂತೆ ಎನ್ನುವ ಹಳಬರ ವಾದ ಇಲ್ಲಿ ನಿಲ್ಲುವುದಿಲ್ಲ. ಶತ್ರು ಯಾವ ದಿಕ್ಕಿನಲ್ಲಿದ್ದಾನೆಂದು ಊಹಿಸುವುದು ಆಟದ ಕಷ್ಟ; ಶತ್ರುವಿನ ಸಾಲು ಯಾವ ಟ್ಯಾಬ್‌ನಲ್ಲಿ ಅಡಗಿದೆಯೆಂದು ತಡಕಾಡುವುದು ತಯಾರಕರ ಸೋಮಾರಿತನ. ಮೊದಲಿನದು ಉಳಿದು ಎರಡನೆಯದು ಹೋದರೆ ಆಟ ಕಳೆದುಕೊಳ್ಳುವುದು ಏನೂ ಇಲ್ಲ.

ಹೆಚ್ಚಿನ ಆಟಗಾರರು ಕಥಾಲೋಕವನ್ನು ಓದುವುದೇ ಇಲ್ಲ, ಹಾಗಿದ್ದಮೇಲೆ ಈ ಚರ್ಚೆ ಯಾರಿಗಾಗಿ ಎಂಬ ಪ್ರಶ್ನೆ ಉಳಿಯುತ್ತದೆ. ಈವ್‌ನ ಸಾಧನೆ ಇರುವುದು ಸರಿಯಾಗಿ ಅಲ್ಲಿಯೇ. ಸಿಬ್ಬಂದಿಯ ಕುರಿತ ಒಂದು ಪುಟವನ್ನೂ ಓದದ ಆಟಗಾರ ಕೂಡ ನಷ್ಟವನ್ನು ಹಣದಲ್ಲಿ ಮಾತ್ರ ಎಣಿಸುತ್ತಾನೆ, ಕತೆಗಾರರು ಚಿತ್ರಿಸಿದ ಕ್ಯಾಪ್ಸೂಲಿಯರ್‌ನಂತೆಯೇ ಯೋಚಿಸುತ್ತಾನೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2012ರಲ್ಲಿ ತನ್ನ ಸಂಗ್ರಹಕ್ಕೆ ಮೊದಲು ಆಯ್ದ 14 ಗೇಮ್‌ಗಳಲ್ಲಿ ಈವ್‌ಗೂ ಜಾಗ ಕೊಟ್ಟದ್ದು ವಿನ್ಯಾಸದ ಮಾದರಿಯಾಗಿ. ಆ ಗೌರವಕ್ಕೆ ಈ ಆಟ ಅರ್ಹವೇ ಎಂದು ಕೇಳಿದರೆ, ಹೌದು ಎನ್ನಲು ಅದರ ನೀಹಾರಿಕೆಗಳೂ ಬೇಡ, ನಾಲ್ಕು ರಾಜ್ಯಗಳ ವಂಶಾವಳಿಯೂ ಬೇಡ. ಆಡುವವನಿಗೆ ಏನನ್ನು ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನವೇ ಕಥನವಾಗಬಲ್ಲದು ಎಂದು ಈವ್ ಸಾಧಿಸಿ ತೋರಿಸಿದೆ. ಆ ತೀರ್ಮಾನದ ಹೊಣೆಯನ್ನು ಎಲ್ಲೆಲ್ಲಿ ಆಟಗಾರನ ಹೆಗಲಿಗೆ ದಾಟಿಸಿದೆಯೋ ಅಲ್ಲೆಲ್ಲ ಅದು ಗೇಲಿಯ ಸ್ಪ್ರೆಡ್‌ಶೀಟ್ ಆಗಿಯೇ ಉಳಿದಿದೆ.