ಬೆಂಕಿಯನ್ನು ಕಾಯ್ದ ಇರುಳು

ಆದಿಮಾನವನು ಬೆಂಕಿಯ ಸಂಗಡ ಕಳೆದ ಮೊದಲ ಇರುಳುಗಳಲ್ಲಿ ಏನನ್ನು ಅನುಭವಿಸಿದನೆಂಬುದನ್ನು ಉತ್ಖನನದಲ್ಲಿ ದೊರೆತ ಬೂದಿ ಹೇಳಲಾರದು. ದಕ್ಷಿಣ ಆಫ್ರಿಕದ ವಂಡರ್‌ವರ್ಕ್ ಗುಹೆಯಲ್ಲಿ ಸುಮಾರು 10 ಲಕ್ಷ ವರ್ಷಗಳಷ್ಟು ಹಳೆಯ ಬೂದಿಯೂ ಸುಟ್ಟ ಮೂಳೆಯ ಚೂರುಗಳೂ ಸಿಕ್ಕಿವೆ. ಅಲ್ಲಿ ಬೆಂಕಿ ಉರಿದಿತ್ತೆಂಬುದಕ್ಕೆ ಅವು ಸಾಕ್ಷಿ. ಆ ಬೆಂಕಿಯ ಬಳಿ ಕುಳಿತವರ ಭಯ, ಬೆರಗು, ನೆಮ್ಮದಿಗಳು ಮಾತ್ರ ಕಲಾವಿದನ ಪಾಲಿಗೆ ಉಳಿದ ವಸ್ತು. ಆ ವಸ್ತುವನ್ನು ಎತ್ತಿಕೊಂಡ ಕೃತಿಗಳಲ್ಲಿ ಫ್ರೆಂಚ್ ನಿರ್ದೇಶಕ ಜಾನ್-ಜಾಕ್ ಅನೋ 1981ರಲ್ಲಿ ತೆರೆಗೆ ತಂದ ‘ಬೆಂಕಿಗಾಗಿ ಯುದ್ಧ’ ಎಂಬರ್ಥದ ಚಲನಚಿತ್ರಕ್ಕೆ ವಿಶೇಷ ಸ್ಥಾನವಿದೆ. ಅದರ ಮೂಲ, ಬೆಲ್ಜಿಯಂ ಮೂಲದ ಲೇಖಕ ಜೆ. ಎಚ್. ರೋನಿಯು 1911ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಕಾದಂಬರಿ. ಇಂಗ್ಲಿಷಿನಲ್ಲಿ ಈ ಹೆಸರಿನ ‘ಯುದ್ಧ’ವು ‘ಅನ್ವೇಷಣೆ’ಯಾಯಿತು. ಚಿತ್ರದ ಅಂತರಂಗಕ್ಕೆ ಈ ಎರಡನೆಯ ಹೆಸರೇ ಹೆಚ್ಚು ಸಲ್ಲುತ್ತದೆಂದು ನನ್ನ ಅಭಿಪ್ರಾಯ.

ಕಾದಂಬರಿ ತೊಡಗುವುದು ಬೆಂಕಿ ಸತ್ತ ಇರುಳಿನಲ್ಲಿ. ಪಂಗಡವೊಂದು ಕತ್ತಲಲ್ಲಿ ದಿಕ್ಕುಗೆಟ್ಟು ಓಡುತ್ತಿದೆ. ತಲೆಮಾರುಗಳಿಂದ ಪಂಜರಗಳಲ್ಲಿಟ್ಟು ಪ್ರಾಣಿಯಂತೆ ಸಾಕಿಕೊಂಡು ಬಂದಿದ್ದ ಬೆಂಕಿ ಇನ್ನಿಲ್ಲವಾಗಿದೆ. ಚಲನಚಿತ್ರವಾದರೋ ಉರಿಯುವ ಬೆಂಕಿಯಿಂದಲೇ ಮೊದಲಾಗುತ್ತದೆ. ಎಲ್ಲೆಯಿಲ್ಲದ ಕತ್ತಲ ಬಯಲು, ಅದರ ನಡುವೆ ಚುಕ್ಕಿಯಷ್ಟು ಬೆಳಕು, ಆ ಬೆಳಕಿನ ಅಂಚಿನಾಚೆ ತೋಳಗಳು. ಒಳಗೆ ಉಲಾಮ್ ಪಂಗಡದವರು ಮಲಗಿದ್ದಾರೆ. ನಿದ್ರೆ ಎಂಬುದೇ ಬೆಂಕಿಯ ಕೊಡುಗೆಯೆಂಬ ಸತ್ಯವನ್ನು ನಿರ್ದೇಶಕನು ಒಂದು ಮಾತಿಲ್ಲದೆ ಇಲ್ಲಿ ತಿಳಿಸುತ್ತಾನೆ. ಮೂಲದ ಮೊದಲ ನೋಟವನ್ನು ಬಿಟ್ಟುಕೊಟ್ಟು ಅವನು ಪಡೆದ ಲಾಭ ದೊಡ್ಡದು. ಇದ್ದುದನ್ನು ಕಂಡವನಿಗಲ್ಲದೆ ಕಳೆದುದರ ಅಳಲು ತಿಳಿಯದಷ್ಟೆ. ಮುಂದೆ ಶತ್ರುಗಳ ದಾಳಿಗೆ ಸಿಕ್ಕಿ, ಜವುಗಿನ ನೀರಿನಲ್ಲಿ ಕೊನೆಯ ಕಿಡಿಯೂ ನಂದಿದಾಗ ಪ್ರೇಕ್ಷಕನ ಎದೆಯೂ ತಣ್ಣಗಾಗುವುದು ಈ ಮೊದಲ ದೃಶ್ಯದ ಬಲದಿಂದ.

ಇಲ್ಲೊಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಈ ಜನ ಬೆಂಕಿಯನ್ನು ಬಲ್ಲರು, ಹುಟ್ಟಿಸಲು ಅರಿಯರು. ಎಲ್ಲಿಂದಲೋ ಬಂದುದನ್ನು ಕಾಯ್ದುಕೊಳ್ಳುವುದೊಂದೇ ಅವರ ವಿದ್ಯೆ. ನಮ್ಮ ಹಳ್ಳಿಗಳಲ್ಲಿ ಒಲೆಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿಟ್ಟು ಬೆಳಗ್ಗೆ ಕೆದಕಿ ಊದುತ್ತಿದ್ದುದನ್ನೂ, ಆರಿದರೆ ನೆರೆಮನೆಯಿಂದ ಕೆಂಡ ತರುತ್ತಿದ್ದುದನ್ನೂ ಬಲ್ಲ ಹಿರಿಯ ವಾಚಕರಿಗೆ ಇದು ತೀರ ಅಪರಿಚಿತವಲ್ಲ. ಆದರೆ ಉಲಾಮರಿಗೆ ಕೆಂಡ ಕೊಡುವ ನೆರೆಮನೆಯಿಲ್ಲ. ನಾವೊ ಎಂಬವನೂ ಅವನ ಇಬ್ಬರು ಸಂಗಾತಿಗಳೂ ಬೆಂಕಿಯನ್ನು ಅರಸಿ ಹೊರಡುತ್ತಾರೆ, ನರಭಕ್ಷಕರ ಬೀಡಿನಿಂದ ಅದನ್ನು ಕದಿಯುತ್ತಾರೆ. ಇಷ್ಟರವರೆಗೆ ಬೆಂಕಿ ಒಂದು ಸ್ವತ್ತು. ಕೊಂದು ಕಿತ್ತುಕೊಳ್ಳಬಹುದಾದುದು, ಹಾಗೆಯೇ ಕಳೆದುಕೊಳ್ಳಬಹುದಾದುದು.

ಕೃತಿಯ ಹೃದಯವಿರುವುದು ಇವಾಕಾ ಜನರ ನಡುವಿನ ದೃಶ್ಯದಲ್ಲಿ. ಅಲ್ಲಿ ಒಬ್ಬನು ಒಣಗಿದ ಕಡ್ಡಿಯನ್ನು ಅಂಗೈಗಳ ನಡುವೆ ಹೊಸೆದು, ಮರದ ತುಂಡಿನಿಂದ ಹೊಗೆಯನ್ನೂ ಕಿಡಿಯನ್ನೂ ಎಬ್ಬಿಸುತ್ತಾನೆ. ಅರಣಿಯ ಮಥನವನ್ನು ಕೇಳಿ ಬಲ್ಲ ನಮಗೆ ಕ್ರಿಯೆ ಹೊಸದಲ್ಲ. ಹೊಸದಾಗಿರುವುದು ನೋಡುತ್ತಿರುವ ನಾವೊನ ಮುಖ. ಯಾವುದಕ್ಕಾಗಿ ತನ್ನವರು ಸತ್ತರೋ, ಯಾವುದಕ್ಕಾಗಿ ತಾನು ಕೊಂದನೋ ಅದು ಎರಡು ಒಣ ಕಟ್ಟಿಗೆಗಳಲ್ಲಿ ಅಡಗಿತ್ತೆಂಬ ಅರಿವು ಆ ಮುಖವನ್ನು ಕಲಕುತ್ತದೆ. ಹರ್ಷಕ್ಕಿಂತ ಮಿಗಿಲಾದುದು, ದುಃಖಕ್ಕೆ ಸಮೀಪವಾದುದು ಅಲ್ಲಿದೆ. ನಟ ಎವೆರೆಟ್ ಮೆಕ್‌ಗಿಲ್ ತುಂಬಿಕೊಂಡ ಬಣ್ಣದ ಹೊರೆಯ ಅಡಿಯಿಂದಲೇ ಇದನ್ನು ಹೊರಗೆ ತಂದಿರುವುದು ಸಾಮಾನ್ಯ ಸಾಧನೆಯಲ್ಲ.

ಸಾಹಿತ್ಯದ ವಿದ್ಯಾರ್ಥಿಗಳು ಚಿತ್ರದ ಭಾಷೆಯನ್ನೂ ಗಮನಿಸಬೇಕು. ಕಾದಂಬರಿಕಾರ ಆಂಟನಿ ಬರ್ಜೆಸ್ ಇದಕ್ಕಾಗಿ ಆದಿಮ ನುಡಿಗಳನ್ನು ಕಟ್ಟಿಕೊಟ್ಟನು. ಹಾವಭಾವಗಳನ್ನು ಪ್ರಾಣಿಶಾಸ್ತ್ರಜ್ಞ ಡೆಸ್ಮಂಡ್ ಮಾರಿಸ್ ರೂಪಿಸಿದನು. ತೆರೆಯ ಮೇಲೆ ಅನುವಾದದ ಸಾಲುಗಳಿಲ್ಲ. ರೋನಿಯ ಅಲಂಕೃತ ಗದ್ಯವು ಕಾಡುಮನುಷ್ಯನ ಬಾಯಲ್ಲಿ ವೀರಕಾವ್ಯದ ಮಾತುಗಳನ್ನಿಟ್ಟರೆ, ಚಿತ್ರವು ಆ ಮಾತುಗಳನ್ನು ಕಿತ್ತೊಗೆದು ಉಸಿರು, ಕೂಗು, ನಗೆಗಳಲ್ಲಿ ನಿಲ್ಲುತ್ತದೆ. ನಗೆಯನ್ನು ನಾವೊನ ಗುಂಪಿಗೆ ಕಲಿಸಿದವಳು ಈಕಾ ಎಂಬ ಇವಾಕಾ ಹೆಣ್ಣೆಂಬುದು ಚಿತ್ರದ ಸೂಕ್ಷ್ಮಗಳಲ್ಲೊಂದು.

ದೋಷಗಳಿಲ್ಲವೆಂದಲ್ಲ. ಮಾನವಕುಲಗಳನ್ನು ಏಣಿಯ ಮೆಟ್ಟಿಲುಗಳಂತೆ ಜೋಡಿಸಿ, ಕೆಳಗಿನವರನ್ನು ಕೇವಲ ರೋಮಮಯ ಕ್ರೌರ್ಯವನ್ನಾಗಿಸಿರುವುದು ಹಳೆಯ ಶತಮಾನದ ಪೂರ್ವಗ್ರಹ. ಹೆಣ್ಣಿನ ಮೇಲಣ ಬಲಾತ್ಕಾರವನ್ನು ಪ್ರೇಮದ ಪೀಠಿಕೆಯೆಂಬಂತೆ ಚಿತ್ರಿಸಿರುವುದೂ ಒಪ್ಪತಕ್ಕದ್ದಲ್ಲ. ಕಾಲಗಣನೆಯೂ ಅಲುಗಾಡಿದೆ. ಕಥೆ 80,000 ವರ್ಷಗಳ ಹಿಂದೆ ನಡೆಯುವುದೆಂದು ಚಿತ್ರ ಹೇಳುತ್ತದೆ. ಇಂಗ್ಲೆಂಡಿನ ಬಾರ್ನಮ್‌ನಲ್ಲಿ ದೊರೆತ ಸುಟ್ಟ ಮಣ್ಣೂ ಕಿಡಿ ಹಾರಿಸುವ ಪೈರೈಟ್ ಚೂರುಗಳೂ ಸುಮಾರು 4 ಲಕ್ಷ ವರ್ಷಗಳ ಹಿಂದೆಯೇ ಮನುಷ್ಯರು ಬೆಂಕಿ ಹೊತ್ತಿಸಬಲ್ಲವರಾಗಿದ್ದರೆಂಬುದನ್ನು ಸೂಚಿಸುತ್ತವೆಂದು 2025ರಲ್ಲಿ ಪ್ರಕಟವಾಯಿತು. ರೋನಿಯು ತನ್ನ ಕಾದಂಬರಿಯಲ್ಲಿ ಬೆಂಕಿಯನ್ನು ಕಲ್ಲುಗಳಿಂದಲೇ ಹುಟ್ಟಿಸಿದ್ದನು. ಚಿತ್ರವು ಕಲ್ಲನ್ನು ಬಿಟ್ಟು ಕಟ್ಟಿಗೆಯನ್ನು ಹಿಡಿದುದು ಶಾಸ್ತ್ರದ ದೃಷ್ಟಿಯಿಂದ ಏನೇ ಇರಲಿ, ಕಲೆಯ ದೃಷ್ಟಿಯಿಂದ ಸರಿ. ಕಲ್ಲಿನ ಕಿಡಿ ಕ್ಷಣಮಾತ್ರದ್ದು. ಕಡ್ಡಿಯ ಹೊಸೆತದಲ್ಲಿ ಕೈಯ ದಣಿವೂ ಕಾಯುವಿಕೆಯೂ ಕಣ್ಣಿಗೆ ಕಾಣುತ್ತವೆ.

ಈ ಕಾಯುವಿಕೆಯ ಫಲ ಮುಕ್ತಾಯದಲ್ಲಿದೆ. ಸಾಹಸಪಟ್ಟು ತಂದ ಬೆಂಕಿ ಊರು ಮುಟ್ಟಿದ ಸಂಭ್ರಮದಲ್ಲೇ ನೀರಿಗೆ ಬಿದ್ದು ನಂದುತ್ತದೆ. ನಾವೊ ತಾನು ಕಂಡಂತೆ ಕಡ್ಡಿ ಹೊಸೆಯುತ್ತಾನೆ, ಸೋಲುತ್ತಾನೆ. ಆಗ ಈಕಾ ಮುಂದೆ ಬಂದು ಕಡ್ಡಿಯನ್ನು ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ಕಂಡದ್ದಕ್ಕೂ ಕಲಿತದ್ದಕ್ಕೂ ಇರುವ ಅಂತರವನ್ನು ಇಷ್ಟು ಸರಳವಾಗಿ ತೋರಿಸಿದ ದೃಶ್ಯ ವಿರಳ. ಕೊನೆಯಲ್ಲಿ ಮತ್ತೆ ಇರುಳು. ಗರ್ಭಿಣಿಯಾದ ಈಕಾಳ ಬಳಿ ಕುಳಿತ ನಾವೊ ಅವಳ ಒಡಲ ಮೇಲೆ ಕೈಯಿಟ್ಟು ಚಂದ್ರನನ್ನು ನೋಡುತ್ತಾನೆ. ಆರಂಭದ ಇರುಳಿನಲ್ಲಿ ಬೆಳಕಿನಾಚೆಗೆ ಕಣ್ಣು ಹಾಯಿಸುವುದೆಂದರೆ ತೋಳ ಬಂದೀತೆಂಬ ಅಂಜಿಕೆ ಮಾತ್ರವಾಗಿತ್ತು.